ಕಾಲು ಎಕರೆ ಗಂಧದ ತೋಟದ ಲೆಕ್ಕ

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿ ಮಗಳು ಕಾಲು ಎಕರೆ ಶ್ರೀಗಂಧದ ತೋಟ ಕೊಳ್ಳಬೇಕು ಅಂತಿದ್ದಾಳೆ. ಮಧುಗಿರಿ ಕಡೆ ಒಂದು ಕಂಪನಿ ಜಮೀನು ತೆಗೆದುಕೊಂಡು, ಹತ್ತು ಹತ್ತು ಗುಂಟೆ ಭಾಗ ಮಾಡಿ, ಗಂಧದ ಸಸಿ ನೆಟ್ಟು, ಡ್ರಿಪ್ ಹಾಕಿ ಮಾರುತ್ತಿದೆ. ಜಮೀನು ಕೊಂಡವರ ಹೆಸರಿಗೆ ರಿಜಿಸ್ಟರ್ ಆಗುತ್ತದೆ. ಹದಿನೈದು ವರ್ಷ ತೋಟ ನೋಡಿಕೊಳ್ಳುವುದು ಕಂಪನಿ. ಮರ ತೆಗೆದಾಗ ಬಂದ ಹಣದಲ್ಲಿ ಅರ್ಧ ಇವಳಿಗೆ, ಅರ್ಧ ಅವರಿಗೆ.

ನಾನು ಗ್ರಾಮ ಲೆಕ್ಕಿಗನಾಗಿ ಕೆಲಸಕ್ಕೆ ಸೇರಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ನೆಂಟರಲ್ಲಿ ಯಾರು ಜಮೀನು ಕೊಳ್ಳಲು ಹೊರಟರೂ ಪಹಣಿ ಮೊದಲು ನನ್ನ ವಾಟ್ಸಾಪಿಗೆ ಬರುತ್ತದೆ. ಈಚೆಗೆ ಬರುವುದರಲ್ಲಿ ಗಂಧದ ತೋಟದ್ದೇ ಜಾಸ್ತಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವ್ಯಾಪಾರದಲ್ಲಿ ನಿಮಗೆ ಎರಡು ವಸ್ತು ಮಾರುತ್ತಾರೆ. ಒಂದು ಜಮೀನು, ಇನ್ನೊಂದು ಹದಿನೈದು ವರ್ಷದ ಮಾತು. ಜಮೀನಿನ ಬೆಲೆ ಪಕ್ಕದ ಹೊಲದವರನ್ನು ಕೇಳಿದರೆ ಗೊತ್ತಾಗುತ್ತದೆ. ಮಾತಿನ ಬೆಲೆ ಹಾಗೆ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ರೇಟು ಹೇಳಿದಾಗ, ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಅನ್ನುವುದು ಮರೆಯಾಗಿಬಿಡುತ್ತದೆ. ಎರಡನ್ನೂ ಬಿಡಿಸಿ ನೋಡಿ. ಜಮೀನು ಜಮೀನಾಗಿ ಆ ಬೆಲೆಗೆ ತೂಗುವಂತಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಗಂಧದ ಮರದ ಮೇಲೆ ನನಗೆ ಬಹಳ ಪ್ರೀತಿ. ತುರುವೇಕೆರೆ ತಾಲ್ಲೂಕಿನ ನಮ್ಮ ಜಮೀನಿನ ಬದುವಿನಲ್ಲಿ ಗಂಧದ ಮರಗಳಿವೆ. ಯಾರೂ ನೆಟ್ಟಿದ್ದಲ್ಲ. ಹಕ್ಕಿಗಳು ಹಣ್ಣು ತಿಂದು ಬೇಲಿಯಲ್ಲಿ ಬೀಜ ಹಾಕಿ ಹುಟ್ಟಿದ್ದು. ನಮ್ಮ ತಂದೆ ಕಾಲದಲ್ಲಿ ಇಂಥ ಸಸಿ ಕಂಡರೆ ಕಿತ್ತು ಹಾಕುತ್ತಿದ್ದರು. ಕಾರಣ ಇತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜಮರ ಅಂತ ಸಾರಿದ. ಆಮೇಲೆ ಮೈಸೂರು ಅರಸರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದು, ಕಾಯುವ ಹೊಣೆ ರೈತನದು. ಕಳುವಾದರೆ ಮೊದಲ ಅನುಮಾನವೂ ರೈತನ ಮೇಲೇ. ಹೀಗಿರುವಾಗ ಯಾರು ತಾನೇ ಉಳಿಸಿಕೊಳ್ಳುತ್ತಾರೆ? ಫಾರೆಸ್ಟಿನವರು ಬರುತ್ತಾರೆ ಅನ್ನುವ ಭಯಕ್ಕೆ ಚಿಗುರಿನಲ್ಲೇ ಚಿವುಟಿದ ಗಿಡಗಳಿಗೆ ಲೆಕ್ಕವಿಲ್ಲ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನು ಯಾರದೋ ಗಂಧದ ಮರವೂ ಅವರದೇ ಅಂತಾಯಿತು. ಮರುವರ್ಷ ತಮಿಳುನಾಡು ಕೂಡ ಅದೇ ದಾರಿ ಹಿಡಿಯಿತು. ಇವತ್ತು ಗಂಧದ ತೋಟ ಅಂತ ಯಾರಾದರೂ ಪ್ಲಾಟು ಮಾರಲು ಸಾಧ್ಯವಾಗಿರುವುದು ಆ ತಿದ್ದುಪಡಿಯಿಂದ. ಅದು ಬಹಳ ಒಳ್ಳೆಯ ಕೆಲಸ. ತಡವಾಗಿ ಬಂದರೂ ರೈತನ ಬದುವಿಗೆ ಗಂಧವನ್ನು ವಾಪಸ್ ತಂದಿತು.

ಇವಳ ಜೊತೆ ಹೋಗಿ ಆ ಜಾಗ ನೋಡಿಕೊಂಡು ಬಂದೆ. ಕಮಾನಿನ ಗೇಟು, ಮೊರಂ ರಸ್ತೆ, ಪ್ರತಿ ಪ್ಲಾಟಿಗೂ ನಂಬರಿನ ಕಲ್ಲು. ಗಿಡಗಳು ಸೊಂಟದೆತ್ತರ ಬಂದಿವೆ. ಬೆಂಗಳೂರಿನಿಂದ ಬಂದಿದ್ದ ಹುಡುಗ ಚೆನ್ನಾಗಿ ಮಾತಾಡಿದ. ನಾನು ಅವನನ್ನು ಬಿಟ್ಟು, ನೀರು ಬಿಡುವ ಕೆಲಸಕ್ಕಿದ್ದ ಅಲ್ಲಿನ ಊರಿನವನ ಹತ್ತಿರ ಹೋದೆ. ‘ಆಸರೆ ಗಿಡ ಯಾವುದು ಹಾಕಿದೀರಪ್ಪ?’ ಅಂತ ಕೇಳಿದೆ. ‘ತೊಗರಿ ಇತ್ತು ಸಾರ್, ಒಣಗೋಯ್ತು’ ಅಂದ. ಮತ್ತೆ ಏನು ಹಾಕಿದ್ದೀರಿ ಅಂದರೆ, ಇನ್ನೂ ಹಾಕಿಲ್ಲ ಅಂದ. ಬಗ್ಗಿ ನೋಡಿದರೆ ಎಲೆಯೆಲ್ಲ ತಿಳಿ ಹಳದಿ. ಗೊಬ್ಬರ ಕಮ್ಮಿಯಾಗಿದೆ, ಹಾಕುತ್ತೇವೆ ಅಂತ ಬೆಂಗಳೂರಿನ ಹುಡುಗ ಹೇಳಿದ.

ಗಂಧ ಅರೆ ಪರಾವಲಂಬಿ ಮರ. ಎಲೆಯಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರು, ಸಾರಜನಕ, ಇನ್ನಿತರ ಪೋಷಕಾಂಶಗಳಿಗೆ ಪಕ್ಕದ ಗಿಡದ ಬೇರಿಗೆ ಬಾಯಿ ಹಚ್ಚಲೇಬೇಕು. ಆ ಪಕ್ಕದ ಗಿಡವೇ ಆಸರೆ ಗಿಡ. ಇದನ್ನು ಕಣ್ಣಾರೆ ನೋಡಬಹುದು. ನಮ್ಮ ಬದುವಿನಲ್ಲಿ ಹೊಂಗೆ ಮತ್ತು ಗಂಧ ಅಕ್ಕಪಕ್ಕ ನಿಂತಿರುವ ಕಡೆ ಗೇಣುದ್ದ ಮಣ್ಣು ಕೆದಕಿ ಇವಳಿಗೆ ತೋರಿಸಿದೆ. ಗಂಧದ ಎಳೆ ಬೇರು ಹೊಂಗೆ ಬೇರನ್ನು ಮುಟ್ಟಿದ ಜಾಗದಲ್ಲಿ ಬಿಳಿಚಿದ ಬಣ್ಣದ ಸಣ್ಣ ಗಂಟು ಇರುತ್ತದೆ. ಬುಡ ಅಗಲವಾಗಿ ಹೊಂಗೆ ಬೇರಿಗೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಬಿಡಿಸಲು ಹೋದರೆ ಹೊಂಗೆ ಬೇರಿನ ಸಿಪ್ಪೆಯೂ ಜೊತೆಗೆ ಕಿತ್ತು ಬರುತ್ತದೆ. ಅದೇ ಹೀರುಬೇರು. ಅಂಥ ನೂರಾರು ಗಂಟುಗಳ ಮೇಲೆ ಮರ ನಿಂತಿರುತ್ತದೆ.

ನರ್ಸರಿ ತೊಟ್ಟೆಯಲ್ಲಿರುವಾಗಲೂ ಅದಕ್ಕೆ ಜೊತೆಗಿಡ ಬೇಕು. ನೆಟ್ಟ ಮೇಲೆ ಮೊದಲ ಒಂದೆರಡು ವರ್ಷ ತೊಗರಿ ಸಾಕು. ತೊಗರಿ ಹೋಗುವಷ್ಟರಲ್ಲಿ ಸರ್ವೆ, ಹೊಂಗೆ, ಚೊಗಚೆ, ನೆಲ್ಲಿ, ಸೀತಾಫಲ, ಕರಿಬೇವು ಇಂಥದ್ದು ಯಾವುದಾದರೂ ಪಕ್ಕದಲ್ಲಿ ಬೇರು ಬಿಟ್ಟಿರಬೇಕು. ಅದು ಗಂಧಕ್ಕಿಂತ ಮುಂದೆ ಹೋಗಿ ಪೂರ್ತಿ ನೆರಳು ಮಾಡಿದರೂ ಕಷ್ಟ, ಸವರುತ್ತಿರಬೇಕು. ನೀರು ನಿಲ್ಲುವ ಜಾಗ ಆಗುವುದೇ ಇಲ್ಲ. ಯೂರಿಯಾ ಹಾಕಿ ಎಲೆ ಹಸಿರು ಮಾಡಬಹುದು, ಆಸರೆ ಗಿಡದ ಕೆಲಸ ಯೂರಿಯಾದಿಂದ ಆಗುವುದಿಲ್ಲ. ಹಾಗಾಗಿ ತೋಟ ನೋಡಲು ಹೋದವರು ಗಂಧದ ಗಿಡ ನೋಡುವ ಮುಂಚೆ ಅದರ ಪಕ್ಕದ ಗಿಡ ನೋಡಿ. ಎರಡು ವರ್ಷ ದಾಟಿದ ತೋಟದಲ್ಲಿ ಗಂಧ ಬಿಟ್ಟು ಬೇರೇನೂ ಕಾಣದಿದ್ದರೆ, ನೋಡಿಕೊಳ್ಳುವವರಿಗೆ ಮರದ ಗುಣ ಗೊತ್ತಿಲ್ಲ ಅಂತಲೇ ಅರ್ಥ. ಗೊತ್ತಿಲ್ಲದವರ ಕೈಗೆ ಹದಿನೈದು ವರ್ಷ ಕೊಡುವುದು ಹೇಗೆ?

ಈಗ ದುಡ್ಡಿನ ವಿಚಾರ. ಕಂಪನಿಯವರು ಕೊಟ್ಟ ಹಾಳೆಯಲ್ಲಿ ಲೆಕ್ಕ ಬಹಳ ಸುಲಭ. ಕಾಲು ಎಕರೆಗೆ 100 ಗಿಡ. ಹದಿನೈದನೇ ವರ್ಷಕ್ಕೆ ಗಿಡಕ್ಕೆ 10 ಕೆಜಿ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳು. ಕೆಜಿಗೆ 10,000 ರೂಪಾಯಿ. ಒಟ್ಟು 1 ಕೋಟಿ. ಇವಳ ಪಾಲು 50 ಲಕ್ಷ. ಕೊಡಬೇಕಾದ್ದು 18 ಲಕ್ಷ.

ಒಂದೊಂದನ್ನೇ ಹಿಡಿದು ನೋಡೋಣ. ಎಕರೆಗೆ 43,560 ಚದರ ಅಡಿ. ಹತ್ತಡಿಗೊಂದು ಗಿಡದಂತೆ ನೆಟ್ಟರೆ ಎಕರೆಗೆ 435, ಕಾಲೆಕರೆಗೆ 108. ಹನ್ನೆರಡಡಿ ಅಂತರವಾದರೆ ಕಾಲೆಕರೆಗೆ 75. ರಸ್ತೆ, ಬೇಲಿ, ಆಸರೆ ಗಿಡದ ಜಾಗ ಎಲ್ಲ ಈ ಹತ್ತು ಗುಂಟೆಯೊಳಗೇ ಬರಬೇಕು. ಹಾಗಾಗಿ 100 ಅನ್ನುವುದು ಎಲ್ಲ ಜಾಗವನ್ನೂ ಗಂಧಕ್ಕೇ ಕೊಟ್ಟರೆ ಬರುವ ಸಂಖ್ಯೆ. ಅದರಲ್ಲಿ ಒಂದೂ ಸಾಯಬಾರದು. ಕಾಂಡ ಕೊರೆಯುವ ಹುಳು ಬೀಳಬಾರದು. ಸ್ಪೈಕ್ ರೋಗ ಬರಬಾರದು. ಸ್ಪೈಕ್ ಅಂದರೆ ಎಲೆ ವರ್ಷವರ್ಷಕ್ಕೂ ಚಿಕ್ಕದಾಗುತ್ತಾ, ಕೊಂಬೆಯ ತುದಿ ಮುಳ್ಳಿನ ಹಾಗೆ ನೆಟ್ಟಗೆ ನಿಂತು, ಕೆಲವೇ ವರ್ಷದಲ್ಲಿ ಮರ ಸಾಯುವ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡದ್ದು. ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ, ಕೀಟಗಳು ಹರಡುತ್ತವೆ. ಇಷ್ಟು ವರ್ಷವಾದರೂ ಹೊಲದಲ್ಲಿ ನಿಂತ ಮರಕ್ಕೆ ಔಷಧಿ ಹೊಡೆದು ವಾಸಿ ಮಾಡುವ ಹಾಗಿಲ್ಲ.

ಇನ್ನು ಚೇಗು. ಗಂಧದ ಮರದಲ್ಲಿ ದುಡ್ಡು ಇರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ಆ ವಾಸನೆಯೂ ಇಲ್ಲ, ಆ ಬೆಲೆಯೂ ಇಲ್ಲ. ಸಾಮಾನ್ಯವಾಗಿ ಹತ್ತು ವರ್ಷದ ಆಚೀಚೆ ಚೇಗು ಕಟ್ಟಲು ಶುರುವಾಗುತ್ತದೆ. ಆದರೆ ಎಲ್ಲ ಮರದಲ್ಲೂ ಒಂದೇ ಸಲಕ್ಕೆ ಅಲ್ಲ. ಒಂದೇ ದಿನ ನೆಟ್ಟ, ಒಂದೇ ಸಾಲಿನ ಎರಡು ಮರದಲ್ಲಿ ಒಂದರೊಳಗೆ ಚೇಗು ಇರುತ್ತದೆ, ಇನ್ನೊಂದರಲ್ಲಿ ಬರೀ ಬಿಳಿ. ನೀರು ಗೊಬ್ಬರ ಕೊಟ್ಟು ದಪ್ಪ ಮಾಡಬಹುದು, ಚೇಗನ್ನು ಹಾಗೆ ಅವಸರ ಮಾಡಿ ಕಟ್ಟಿಸಲು ಆಗುವುದಿಲ್ಲ. ಎಣ್ಣೆಯ ಪ್ರಮಾಣವೂ ವಯಸ್ಸಿನ ಜೊತೆ ಏರುತ್ತದೆ. ಹತ್ತು ವರ್ಷದ ಮರದ ಚೇಗಿನಲ್ಲಿ ಶೇ 0.2ರಿಂದ 2ರಷ್ಟು ಎಣ್ಣೆ ಸಿಕ್ಕರೆ, ಮೂವತ್ತು ಐವತ್ತು ವರ್ಷದ್ದರಲ್ಲಿ ಶೇ 2ರಿಂದ 6ರವರೆಗೆ ಹೋಗುತ್ತದೆ. ನಮ್ಮ ಹಿರಿಯರು ಹೆಸರು ಮಾಡಿದ ಮೈಸೂರು ಗಂಧ ಕಾಡಿನಲ್ಲಿ ನಿಧಾನವಾಗಿ ಬೆಳೆದ ಹಳೇ ಮರದ್ದು. ಹದಿನೈದನೇ ವರ್ಷಕ್ಕೇ ಅದೇ ಬೆಲೆ ಅಂತ ಹೇಳುವುದು ನ್ಯಾಯವಲ್ಲ.

ಹಳೇ ಡಿಪೋಗಳಲ್ಲಿ ಗಂಧವನ್ನು 18 ದರ್ಜೆ ಮಾಡುತ್ತಿದ್ದರು. ಹಾಸನ, ಶಿವಮೊಗ್ಗದ ಗಂಧದ ಕೋಠಿ ಕೇಳಿದ್ದೀರಲ್ವಾ, ಅಲ್ಲಿ ನಡೆಯುತ್ತಿದ್ದ ಕೆಲಸ ಇದು. ಮೊದಲ ದರ್ಜೆಗೆ ವಿಲಾಯತ್ ಬುದ್ ಅಂತ ಹೆಸರು. ಒಂದು ಟನ್ನಿಗೆ 112 ತುಂಡಿಗಿಂತ ಜಾಸ್ತಿ ಇರಬಾರದು, ಅಂದರೆ ಒಂದೊಂದೂ ಒಂಬತ್ತು ಕೆಜಿಗೆ ಕಮ್ಮಿ ಇಲ್ಲದ ಗಟ್ಟಿ ತುಂಡು. ಆಮೇಲೆ ಚೀನಾ ಬುದ್, ಪಂಜಂ, ಘೋಟ್ಲಾ ಹೀಗೆ ಇಳಿಯುತ್ತಾ ಬೇರು, ಚಕ್ಕೆ, ಕಡೆಗೆ ಗರಗಸದ ಪುಡಿಯವರೆಗೂ ದರ್ಜೆ ಇತ್ತು. ದರ್ಜೆಗೆ ತಕ್ಕ ದರ. ಹದಿನೈದು ವರ್ಷದ ಮರದ ಒಳಗಿನ ಸಣ್ಣ ಚೇಗು ಯಾವ ದರ್ಜೆಗೆ ಹೋಗುತ್ತದೆ ಅಂತ ಕಂಪನಿ ಹಾಳೆಯಲ್ಲಿ ಎಲ್ಲೂ ಇಲ್ಲ. ಪೂರ್ತಿ ತೂಕಕ್ಕೆ ಒಂದೇ ದರ ಹಾಕಿದ್ದಾರೆ.

ನಾನು ಇವಳ ಮುಂದೆ ಇನ್ನೊಂದು ಲೆಕ್ಕ ಇಟ್ಟೆ. ಅದೇ ಊರಲ್ಲಿ ಬೋರ್‌ವೆಲ್ ಇಲ್ಲದ ಖುಷ್ಕಿ ಜಮೀನು ಎಕರೆಗೆ 25 ಲಕ್ಷ ಅಂತ ಪಕ್ಕದ ಹೊಲದವರು ಹೇಳಿದರು. ಹಾಗಾದರೆ ಹತ್ತು ಗುಂಟೆಗೆ 6.25 ಲಕ್ಷ. ಉಳಿದ 11.75 ಲಕ್ಷ ಇವಳು ಕೊಡುತ್ತಿರುವುದು ಸಸಿ, ಬೇಲಿ, ಡ್ರಿಪ್ ಮತ್ತು ಹದಿನೈದು ವರ್ಷದ ಮಾತಿಗೆ. ಆ 11.75 ಲಕ್ಷವನ್ನು ಶೇ 7ರ ಚಕ್ರಬಡ್ಡಿಯಲ್ಲಿ ಹದಿನೈದು ವರ್ಷ ಬಿಟ್ಟರೆ ಸುಮಾರು 32 ಲಕ್ಷ ಆಗುತ್ತದೆ. ಗಂಧದಿಂದ ಇವಳ ಪಾಲಿಗೆ ಅಷ್ಟಾದರೂ ಬರಬೇಕು ಅಂದರೆ ಒಟ್ಟು 64 ಲಕ್ಷದ ಮಾಲು ಬರಬೇಕು. 70 ಮರ ಉಳಿದವು ಅನ್ನಿ, ಕೆಜಿಗೆ ಸರಾಸರಿ 6,000 ಸಿಕ್ಕಿತು ಅನ್ನಿ, ಆಗ ಮರಕ್ಕೆ 15 ಕೆಜಿ ಚೇಗು ಬೇಕು. ಮರಕ್ಕೆ 3 ಕೆಜಿ ಬಂದರೆ ಒಟ್ಟು 12.6 ಲಕ್ಷ, ಇವಳಿಗೆ 6.3 ಲಕ್ಷ. ಇದರಲ್ಲಿ ಯಾವುದು ನಿಜವಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಷ್ಟು ದೊಡ್ಡ ಅಂತರದ ಒಂದು ತುದಿಯನ್ನು ಮಾತ್ರ ಹಾಳೆಯಲ್ಲಿ ಅಚ್ಚು ಹಾಕಿದ್ದಾರೆ ಅನ್ನುವುದಷ್ಟೇ ನನ್ನ ಆಕ್ಷೇಪ.

ಮಾರಾಟವೂ ಬೇರೆ ಬೆಳೆಯಂತಲ್ಲ. ಮರ ನಿಮ್ಮದಾದರೂ ನಿಮ್ಮಿಷ್ಟಕ್ಕೆ ಕೊಡಲಿ ಹಾಕುವಂತಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಅವರು ಬಂದು ಪಹಣಿ ನೋಡಿ, ಮರ ಎಣಿಸಿ, ಸುತ್ತಳತೆ ತೆಗೆದು ಅನುಮತಿ ಕೊಟ್ಟ ಮೇಲೆ ತೆಗೆಯಬೇಕು. ತೆಗೆಯುವುದೂ ಬೇರು ಸಮೇತ. ಬೇರಿನಲ್ಲಿ ಎಣ್ಣೆ ಚೆನ್ನಾಗಿರುತ್ತದೆ, ಕಡಿದರೆ ಅದು ನಷ್ಟ. ಸಾಗಿಸಲು ಪರವಾನಗಿ ಬೇಕು. 2001ರ ತಿದ್ದುಪಡಿಯ ನಂತರ ಕೊಳ್ಳುವವರು ಅಂದರೆ ಮುಖ್ಯವಾಗಿ ಅರಣ್ಯ ಇಲಾಖೆ ಮತ್ತು ಸರ್ಕಾರದ ಸಂಸ್ಥೆಗಳು. ಅದರಲ್ಲಿ ದೊಡ್ಡದು ಮೈಸೂರು ಸ್ಯಾಂಡಲ್ ಸೋಪು ಮಾಡುವ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯೇ ಅದರ ಬೇರು. ಮಹಾಯುದ್ಧದಿಂದ ಗಂಧ ಜರ್ಮನಿಗೆ ಹೋಗುವುದು ನಿಂತು ಇಲ್ಲೇ ರಾಶಿ ಬಿದ್ದಾಗ, ಎಣ್ಣೆ ನಾವೇ ತೆಗೆಯೋಣ ಅಂತ ಹೊರಟ ಕೆಲಸ ಅದು. ಮಾರಾಟವನ್ನು ಸಲೀಸು ಮಾಡಬೇಕು ಅಂತ 2022ರಲ್ಲಿ ರಾಜ್ಯ ಸರ್ಕಾರ ಶ್ರೀಗಂಧ ನೀತಿಯನ್ನೂ ತಂದಿದೆ. ಆದ್ದರಿಂದ ಕೊಳ್ಳುವವರು ಇಲ್ಲ ಅನ್ನುವ ಭಯ ಬೇಡ. ನೀವು ತೆಗೆಯುವ ವರ್ಷದ ನಿಯಮ ಏನಿರುತ್ತದೋ ಆ ದಿನ ಅರಣ್ಯ ಇಲಾಖೆಯ ಡಿಎಫ್‌ಓ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಹದಿನೈದು ವರ್ಷದಾಚೆಯ ದರವನ್ನು ಇವತ್ತೇ ಯಾರಾದರೂ ಖಚಿತ ಮಾಡಿ ಹೇಳಿದರೆ ನಂಬಬೇಡಿ.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ಕಾಗದ.

ಮೊದಲು ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಅಡ್ಡ ಬರುತ್ತಿದ್ದವು. 2020ರಲ್ಲಿ ಅವೆರಡನ್ನೂ ತೆಗೆದರು. ಆಮೇಲೆ ಈ ತೋಟದ ವ್ಯಾಪಾರ ಜೋರಾಯಿತು. ಕೊಳ್ಳುವ ಅರ್ಹತೆ ಸಿಕ್ಕಿದೆ ಅಂದ ಮಾತ್ರಕ್ಕೆ ಆ ಸರ್ವೆ ನಂಬರು ಸರಿಯಾಗಿದೆ ಅಂತ ಅಲ್ಲ. ಎಲ್ಲರೂ ಇದೆರಡನ್ನೂ ಕಲಸಿಕೊಳ್ಳುತ್ತಾರೆ.

ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರೇ ಇದೆಯಾ ನೋಡಿ. 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆ ಏನಾದರೂ ಬರೆದಿದೆಯಾ ನೋಡಿ. ವಿಸ್ತೀರ್ಣದಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಅಂತ ನೋಡಿ. ಬಿ ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನ ಇಂಥದ್ದು, ಸಾರ್ವಜನಿಕರದು. ಎಷ್ಟೋ ಕಡೆ ಹಳ್ಳವನ್ನೂ ಸೇರಿಸಿ ಪ್ಲಾಟು ಅಳೆದಿರುತ್ತಾರೆ. ಆಕಾರ್‌ಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆ ಆಗಬೇಕು. ಆಕಾರ್‌ಬಂದ್ ಅಂದರೆ ಸರ್ವೆ ಇಲಾಖೆಯ ಮೂಲ ಅಳತೆಯ ದಾಖಲೆ. ಇದಿಷ್ಟು ತಾಲ್ಲೂಕು ಕಚೇರಿಯಲ್ಲಿ ಅರ್ಧ ದಿನದ ಕೆಲಸ. ಯಾವ ಲಾಯರೂ ಮಾಡುತ್ತಾರೆ.

ಬಹಳ ಜನ ಬಿಡುವುದು ಮೂಲ ಪತ್ರವನ್ನು. ಈ ಜಮೀನು ಇವರಿಗೆ ಬಂದದ್ದು ಹೇಗೆ? ಪಿತ್ರಾರ್ಜಿತವಾ, ಕ್ರಯವಾ, ಸರ್ಕಾರದ ಮಂಜೂರಾತಿಯಾ? ಮಧುಗಿರಿ, ಪಾವಗಡ, ಶಿರಾ ಕಡೆ ಹಿಂದೆ ಗೋಮಾಳದಲ್ಲಿ ಸಾಗುವಳಿ ಚೀಟಿ ಕೊಟ್ಟ ಜಮೀನು ತುಂಬ ಇದೆ. ಮಂಜೂರಾದ ಜಮೀನಿಗೆ ಇಷ್ಟು ವರ್ಷ ಪರಭಾರೆ ಮಾಡಬಾರದು ಅನ್ನುವ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾಗಿದ್ದರೆ ಅಂಥ ಜಮೀನು ಬೇರೆಯವರ ಕೈಗೆ ಹೋಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯವೇ ಅಸಿಂಧು. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಮಂಜೂರುದಾರರಿಗೆ ವಾಪಸ್ ಹೋಗಬಹುದು. ತಡವಾಗಿ ಅರ್ಜಿ ಕೊಟ್ಟರು ಅನ್ನುವ ಕಾರಣಕ್ಕೆ ವಜಾ ಮಾಡಬಾರದು ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವರ ಜಮೀನು ಕೈತಪ್ಪದಿರಲಿ ಅಂತ ಮಾಡಿದ ಈ ಕಾಯ್ದೆ ನ್ಯಾಯವಾದದ್ದು. ಕೊಳ್ಳುವವರು ಅದನ್ನು ಗೌರವಿಸಿ ಮೊದಲೇ ವಿಚಾರಿಸಬೇಕು. ಈಚಿನ ಹದಿನೈದು ವರ್ಷದ ಇಸಿ (ಋಣಭಾರ ಪತ್ರ) ತೋರಿಸಿ ‘ಎಲ್ಲ ಕ್ಲಿಯರ್’ ಅಂದರೆ ಒಪ್ಪಬೇಡಿ. ಮಂಜೂರಾತಿಯ ಸಂಗತಿ ಆ ಇಸಿಯಲ್ಲಿ ಇರುವುದೇ ಇಲ್ಲ.

ಆಮೇಲೆ ಪೋಡಿ, ಅಂದರೆ ಒಂದು ಸರ್ವೆ ನಂಬರನ್ನು ದಾಖಲೆಯಲ್ಲಿ ಭಾಗ ಮಾಡಿ ಬೇರೆ ಮಾಡುವುದು. ಹತ್ತು ಎಕರೆಯ ಒಂದು ಸರ್ವೆ ನಂಬರನ್ನು ನಲವತ್ತು ಜನಕ್ಕೆ ಮಾರಿದರೆ, ಒಬ್ಬೊಬ್ಬರ ಭಾಗಕ್ಕೂ 11-ಇ ನಕ್ಷೆ (ಮಾರುವ ಭಾಗದ ಅಳತೆಯ ನಕ್ಷೆ) ಆಗಿ, ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿ, ಬೇರೆ ಹಿಸ್ಸಾ ನಂಬರು ಬಂದು, ಪಹಣಿ ಪ್ರತ್ಯೇಕ ಆಗಬೇಕು. ಕೆಲವು ಕಂಪನಿಗಳು ಅವಿಭಜಿತ ಹಕ್ಕು ಅಂತ ಕ್ರಯಪತ್ರದಲ್ಲಿ ಬರೆದು ಕೈತೊಳೆದುಕೊಳ್ಳುತ್ತವೆ. ಆಗ ನಲವತ್ತು ಹೆಸರಿನ ಜಂಟಿ ಪಹಣಿ ಉಳಿಯುತ್ತದೆ. ನಿಮ್ಮ ಗಿಡ ಯಾವುದು ಅಂತ ಕಲ್ಲಿನ ಮೇಲಿನ ನಂಬರು ಹೇಳಬಹುದು, ಸರ್ಕಾರದ ದಾಖಲೆಯಲ್ಲಿ ಅದು ಇರುವುದಿಲ್ಲ. ಗಂಧ ತೆಗೆಯಲು ಅರ್ಜಿ ಕೊಡುವ ದಿನ ಜಂಟಿದಾರರ ಒಪ್ಪಿಗೆ ಎಲ್ಲಿ ಅಂತ ಕೇಳುತ್ತಾರೆ. ಅಷ್ಟರಲ್ಲಿ ಒಬ್ಬರು ಅಮೆರಿಕದಲ್ಲಿರುತ್ತಾರೆ, ಒಬ್ಬರು ತೀರಿಕೊಂಡು ಅವರ ಮಕ್ಕಳು ಪೌತಿ ಖಾತೆ ಮಾಡಿಸಿ ಜಮೀನು ತಮ್ಮ ಹೆಸರಿಗೆ ತಂದಿರುವುದಿಲ್ಲ. ಇಂಥ ಜಂಟಿ ಖಾತೆಯ ಜಗಳಗಳನ್ನು ಸರ್ವೀಸಿನುದ್ದಕ್ಕೂ ನೋಡಿದ್ದೇನೆ, ಅಣ್ಣತಮ್ಮಂದಿರ ನಡುವೆಯೇ ಬಗೆಹರಿಯುವುದಿಲ್ಲ. ಮುಖ ಪರಿಚಯವೇ ಇಲ್ಲದ ನಲವತ್ತು ಜನರ ನಡುವೆ ಹೇಗೆ ಬಗೆಹರಿಯುತ್ತದೆ? ರಸ್ತೆಯ ಜಾಗ ಯಾರ ಹೆಸರಲ್ಲಿ ಉಳಿಯುತ್ತದೆ, ಬೋರ್‌ವೆಲ್ ಯಾರ ಭಾಗದಲ್ಲಿದೆ ಅನ್ನುವುದನ್ನೂ ಕ್ರಯಪತ್ರದ ಚೆಕ್ಕುಬಂದಿಯ (ನಾಲ್ಕೂ ದಿಕ್ಕಿನ ಗಡಿ ವಿವರದ) ಜೊತೆಗೆ ಬರೆಸಿ.

ಜಮೀನು ನಿಮ್ಮದಾದ ಮೇಲೆ ಪಹಣಿಯ ಮರಗಳ ಕಾಲಂನಲ್ಲಿ ಗಂಧ ಎಷ್ಟಿದೆ ಅಂತ ನಮೂದು ಮಾಡಿಸಿ. ಖಾಲಿ ಕಾಲಂ ಇಟ್ಟುಕೊಂಡು ಹದಿನೈದು ವರ್ಷ ಆದ ಮೇಲೆ ನೂರು ಮರ ನಂದು ಅಂತ ಹೇಳುವುದು ಕಷ್ಟ.

ನಿರ್ವಹಣೆಯ ಕರಾರನ್ನು ಇವಳು ಓದಿಯೇ ಇರಲಿಲ್ಲ. ಒಟ್ಟಿಗೆ ಕೂತು ಓದಿದೆವು. ಮೊದಲ ಐದು ವರ್ಷದ ನಿರ್ವಹಣೆ ಬೆಲೆಯಲ್ಲೇ ಸೇರಿದೆ. ಆರನೇ ವರ್ಷದಿಂದ ಶುಲ್ಕ ‘ಆಗ ನಿಗದಿಪಡಿಸಿದಂತೆ’. ಯಾರು ನಿಗದಿಪಡಿಸುತ್ತಾರೆ ಅಂತ ಇಲ್ಲ. ಗಿಡ ಸತ್ತರೆ ಮೊದಲ ಮೂರು ವರ್ಷ ಬದಲಿ ಗಿಡ ನೆಡುತ್ತಾರೆ, ಆಮೇಲಿನದಕ್ಕೆ ಮಾತಿಲ್ಲ. ಕಳುವಾದರೆ ಕಂಪನಿ ಹೊಣೆಯಲ್ಲ. ಇದನ್ನು ಓದಿ ನನಗೆ ಬೇಜಾರಾಯಿತು. ಗಂಧಕ್ಕೆ ಕಾವಲು ಬೇಕಾಗುವುದು ಯಾವಾಗ? ಚೇಗು ಕಟ್ಟಿದ ಮೇಲೆ. ಕಳ್ಳರು ರಾತ್ರಿ ಬಂದು ಕಾಂಡಕ್ಕೆ ಸಣ್ಣ ತೂತು ಕೊರೆದು ಚೇಗು ಇದೆಯಾ ಅಂತ ನೋಡಿಕೊಂಡು ಹೋಗುತ್ತಾರೆ. ಇದ್ದರೆ ಇನ್ನೊಂದು ರಾತ್ರಿ ಮರ ಇರುವುದಿಲ್ಲ. ಬೆಂಗಳೂರಿನ ನಡುಮಧ್ಯದ ಕಬ್ಬನ್ ಪಾರ್ಕಿನಲ್ಲೇ ಗಂಧದ ಮರ ಕಡಿದು ಒಯ್ದಿದ್ದಾರೆ. ಹತ್ತನೇ ವರ್ಷದಿಂದಾಚೆ ಬೇಲಿ, ನಾಯಿ, ಕ್ಯಾಮೆರಾ, ರಾತ್ರಿ ಪಾಳಿಯ ಕಾವಲುಗಾರ ಎಲ್ಲ ಬೇಕು. ಖರ್ಚು ಜಾಸ್ತಿಯಾಗುವ ಹೊತ್ತಿಗೆ ಸರಿಯಾಗಿ ಕಂಪನಿಯ ಹೊಣೆ ಕಮ್ಮಿಯಾಗುವ ಹಾಗೆ ಕರಾರು ಬರೆದಿದ್ದಾರೆ.

ಅಷ್ಟು ವರ್ಷ ಕಂಪನಿ ಇರುತ್ತದಾ ಅನ್ನುವುದೂ ಕೇಳಬೇಕಾದ ಪ್ರಶ್ನೆ. ನಮ್ಮ ವಯಸ್ಸಿನವರಿಗೆ 1990ರ ದಶಕದ ತೇಗದ ಸ್ಕೀಮುಗಳು ನೆನಪಿರಬೇಕು. ಟಿವಿ, ಪೇಪರಿನ ತುಂಬಾ ಜಾಹೀರಾತು. ಎಷ್ಟೋ ನೌಕರರು ಪಿಎಫ್ ದುಡ್ಡು ಹಾಕಿ ಕಳೆದುಕೊಂಡರು. ಹಲವರ ಹಣ ಒಟ್ಟು ಮಾಡಿ, ಇನ್ನೊಬ್ಬರು ನಿರ್ವಹಿಸಿ, ಹಣ ಹಾಕಿದವರಿಗೆ ದಿನದ ಹಿಡಿತ ಇಲ್ಲದೆ ಲಾಭ ಹಂಚುವ ಯೋಜನೆಗಳಿಗೆ ಸಾಮೂಹಿಕ ಹೂಡಿಕೆ ಯೋಜನೆ ಅನ್ನುತ್ತಾರೆ. 1999ರಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇವಕ್ಕೆ ನಿಯಮ ಮಾಡಿತು, ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಈಗಿನ ಕಂಪನಿಗಳು ನಾವು ಜಮೀನು ಮಾರುತ್ತೇವೆ ಅಷ್ಟೇ ಅನ್ನುತ್ತವೆ. ಜಮೀನಿನ ಜೊತೆ ಇಷ್ಟು ಲಾಭ ಖಚಿತ ಅಂತ ಬರೆದುಕೊಟ್ಟರೆ ಸೆಬಿ ನೋಂದಣಿ ಇದೆಯಾ ಅಂತ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಕಷ್ಟವೂ ಅಲ್ಲ. ಆಸ್ಟ್ರೇಲಿಯಾದ ಉತ್ತರದಲ್ಲಿ ಕುನುನುರ್ರಾ ಅನ್ನುವ ಊರಿನ ಸುತ್ತ ನಮ್ಮದೇ ಜಾತಿಯ ಗಂಧವನ್ನು ಸಾವಿರಾರು ಎಕರೆ ಬೆಳೆಸಿದ್ದಾರೆ. ನೀರಿಗೆ ಬರವಿಲ್ಲ, ಯಂತ್ರ, ವಿಜ್ಞಾನಿಗಳು ಎಲ್ಲ ಇದ್ದರು. ಹೂಡಿಕೆದಾರರ ಹಣದಿಂದ ಅದನ್ನು ನಡೆಸುತ್ತಿದ್ದ ಕ್ವಿಂಟಿಸ್ ಅನ್ನುವ ದೊಡ್ಡ ಕಂಪನಿ 2018ರ ಜನವರಿಯಲ್ಲಿ, ದಿವಾಳಿಯ ಅಂಚಿಗೆ ಬಂದ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಮರಗಳು ನಿಂತೇ ಇದ್ದವು, ಷೇರು ಕೊಂಡವರ ಹಣ ಮುಳುಗಿತು. ಆದ್ದರಿಂದಲೇ ನಾನು ಜಮೀನಿನ ಕಾಗದದ ಮೇಲೆ ಇಷ್ಟು ಒತ್ತು ಕೊಡುವುದು. ಕಂಪನಿ ಹೋದರೂ ಜಮೀನು, ಮರ ನಿಮ್ಮ ಹೆಸರಲ್ಲಿ ಉಳಿಯಬೇಕು. ನಿರ್ವಹಣೆ ಸರಿ ಇಲ್ಲದಿದ್ದರೆ ಕರಾರು ರದ್ದು ಮಾಡಿ ಬೇರೆಯವರಿಗೆ ವಹಿಸುವ ಹಕ್ಕು ನಿಮಗಿರಬೇಕು. ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವ ಜಿಪಿಎಗೆ ಸಹಿ ಹಾಕಬೇಡಿ. ಇವಳ ಕರಾರಿನ ಕಡೇ ಪುಟದಲ್ಲಿ ಅದೂ ಇತ್ತು.

‘ಹಂಗಾದ್ರೆ ಬೇಡ ಅಂತೀರಾ ಮಾವ?’ ಅಂದಳು. ನಾನು ಹಾಗೆ ಹೇಳಲಿಲ್ಲ. ನಮ್ಮ ತಂಗಿ ಪಾಲಿಗೆ ಬಂದ ಎರಡು ಎಕರೆ ಊರಲ್ಲಿದೆ, ಕಾಗದ ಶುದ್ಧವಾಗಿದೆ, ಬದುವಿನುದ್ದಕ್ಕೂ ಹೊಂಗೆ, ಬೇವು ಇವೆ. ಅರಣ್ಯ ಇಲಾಖೆ ನರ್ಸರಿಯಲ್ಲಿ ಸಸಿ ಸಿಗುತ್ತದೆ, ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯವರು ಬೆಳೆಗಾರರಿಗೆ ತರಬೇತಿ ಕೊಡುತ್ತಾರೆ, ಅಲ್ಲೇ ನೆಡಬಹುದಲ್ಲ ಅಂದೆ. ‘ನೆಡಬಹುದು, ನೋಡಿಕೊಳ್ಳೋರು ಯಾರು? ನಿಮಗೂ ವಯಸ್ಸಾಯ್ತು’ ಅಂದಳು. ಆ ಮಾತು ನಿಜ. ಊರಲ್ಲಿ ಜಮೀನಿದ್ದೂ ನೋಡಿಕೊಳ್ಳುವವರಿಲ್ಲದ ಮನೆಗಳು ಎಷ್ಟಿವೆ. ನಂಬಿಕಸ್ತವಾಗಿ ತೋಟ ನೋಡಿಕೊಟ್ಟು ಕೂಲಿ ತೆಗೆದುಕೊಳ್ಳುವ ಕಂಪನಿಗಳು ಬಂದರೆ ನಾನು ಮೊದಲು ಕೈಮುಗಿಯುತ್ತೇನೆ. ಅಂಥವರು ಇಲ್ಲವೇ ಇಲ್ಲ ಅಂತಲೂ ಅಲ್ಲ. ಐದಾರು ವರ್ಷ ದಾಟಿದ ಅವರದೇ ಹಳೇ ತೋಟ ತೋರಿಸಿ ಅಂತ ಕೇಳಿ, ಅಲ್ಲಿ ಕೊಂಡವರ ಜೊತೆ ಮಾತಾಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಮಧುಗಿರಿಯ ಕಂಪನಿಗೆ ಇವಳ ಕೈಯಲ್ಲಿ ಒಂದು ಈಮೇಲ್ ಬರೆಸಿದ್ದೇನೆ. ಮೂಲ ಪತ್ರ, ಮಂಜೂರಾತಿ ಇದ್ದರೆ ಅದರ ನಕಲು, 11-ಇ ನಕ್ಷೆ, ಪೋಡಿ ಯಾವಾಗ ಅಂತ ಲಿಖಿತ ಉತ್ತರ ಕೇಳಿದ್ದೇವೆ. ಆಸರೆ ಗಿಡ ನೆಟ್ಟು ಫೋಟೋ ಕಳಿಸಿ ಅಂತಲೂ ಬರೆದಿದ್ದಾಳೆ. ಬೆಲೆಯನ್ನು ಜಮೀನಿಗೆ ಇಷ್ಟು, ಬೇಲಿ ನೀರಿಗೆ ಇಷ್ಟು, ನಿರ್ವಹಣೆಗೆ ವರ್ಷಕ್ಕೆ ಇಷ್ಟು ಅಂತ ಬಿಡಿಸಿ ಕೊಟ್ಟರೆ ಕೂತು ಮಾತಾಡುತ್ತೇವೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಈ ಕಾಗದಗಳು ಬರುವವರೆಗೆ ಕೊಡುವುದೂ ಇಲ್ಲ.